ಬಿಟ್ಟುಹೋಗಲೆಂದೇ ನಡೆಸಿದ್ದು

ಹೋಟೆಲುಗಳ ಚಾದರ ಒಗೆದುಕೊಡುವ ಲಾಂಡ್ರಿಯೊಂದರಲ್ಲಿ ಅವಳದು ಇಸ್ತ್ರಿ ಕೆಲಸ. ಗಂಡ ಬಸ್ ಡ್ರೈವರ್. ಅವನ ಬಸ್ಸಿಗೆ ಹಾರನ್ನೇ ಬೇಡ, ಬಾಯಿ ಸಾಕು ಎಂದು ಕಂಡಕ್ಟರುಗಳು ನಗುತ್ತಿದ್ದರು. ಆ ಬಾಯಿಯ ಜೊತೆ ಸಂಸಾರ ಮಾಡಿದವಳಿಗೆ ಮಾತ್ರ ನಗು ಬರುತ್ತಿರಲಿಲ್ಲ. ಉಪ್ಪು ಕಡಿಮೆಯಾದರೆ ತಟ್ಟೆ ಗೋಡೆಗೆ, ಎದುರಾಡಿದರೆ ಚೆಂಬು ಅವಳ ಬೆನ್ನಿಗೆ. ಮಗಳ ಮದುವೆಯಾಗುವ ತನಕ ಹಲ್ಲು ಕಚ್ಚಿಕೊಂಡಿದ್ದಳು. ಅದೂ ಮುಗಿದು ಮಗಳು ದೂರದೂರು ಸೇರಿದ ಮೇಲೆ ಒಂದು ಸಂಜೆ ಪಾತ್ರೆ ತೊಳೆಯುತ್ತಲೇ ಹೇಳಿದಳು.

"ನಾಳೆಯಿಂದ ನಾನು ಇಲ್ಲಿರಲ್ಲ ರೀ. ಲಾಂಡ್ರಿ ಮಹಡಿ ಮೇಲೆ ಒಂದು ರೂಮಿದೆ, ಅಲ್ಲಿಗೆ ಹೋಗ್ತೀನಿ."

"ಹೋಗು. ಪೀಡೆ ತೊಲಗ್ಲಿ," ಎಂದ ಅವನು.

ಬೆಳಿಗ್ಗೆ ನೋಡಿದರೆ ಬಚ್ಚಲಲ್ಲಿ ಬಿದ್ದಿದ್ದ. ಬಾಯಿ ಸೊಟ್ಟಗಾಗಿತ್ತು, ಬಲಗೈ ಬಲಗಾಲು ಹಿಂಡದ ಬಟ್ಟೆಯ ಹಾಗೆ ಜೋತುಬಿದ್ದಿದ್ದವು.

ಆಸ್ಪತ್ರೆಯಲ್ಲಿ ಜೀವ ಉಳಿಯಿತು, ಮಾತು ಹೋಯಿತು. ನೀರು ಎನ್ನಲು ಬಾರದು, ಮಗಳ ಹೆಸರು ಬಾರದು. ಬೈಗುಳ ಮಾತ್ರ ಒಂದಕ್ಷರವೂ ತಡವರಿಸದೆ ಬರುತ್ತಿತ್ತು. ಸ್ಟ್ರೋಕ್ ಆದವರಲ್ಲಿ ಹೀಗಾಗುವುದುಂಟು, ಬಾಯಿಪಾಠವಾದದ್ದು ಉಳಿದುಬಿಡುತ್ತದೆ ಎಂದರು ಡಾಕ್ಟರು.

"ಉಳೀದೆ ಏನು? ದಿನಾ ಅಭ್ಯಾಸ ಮಾಡಿದ್ರಲ್ಲ," ಎಂದಳು ಅವಳು.

ನಾದಿನಿ ಬಂದು ಕಣ್ಣೊರೆಸಿಕೊಂಡಳು. "ನಿಮ್ಮನ್ನ ಬಿಟ್ರೆ ಅಣ್ಣನಿಗೆ ಯಾರಿದ್ದಾರೆ ಅತ್ತಿಗೆ?" ಎಂದವಳ ಚೀಲ ಹೆಗಲಿನಿಂದ ಕೆಳಗಿಳಿದಿರಲಿಲ್ಲ. ಕಾಫಿ ಬರುವ ಮೊದಲೇ ಹೊರಟುಹೋದಳು.

ಅವಳು ಉಳಿದಳು. ಊರ ಬಾಯಿಗೆ ಹೆದರಿ ಅಲ್ಲ. ಬಿದ್ದವನನ್ನು ಬಿಟ್ಟುಹೋದರೆ ಸಾಯುವವರೆಗೂ ತನ್ನ ತಲೆಯೊಳಗೆ ಬಿದ್ದೇ ಇರುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಎಬ್ಬಿಸಿ ನಿಲ್ಲಿಸಿಬಿಟ್ಟರೆ ತಿರುಗಿ ನೋಡುವ ಗೊಡವೆಯೇ ಇಲ್ಲ.

ಹಾಗಾಗಿ ಹಟ ಹಿಡಿದವಳಂತೆ ನಿಂತಳು. ಕೆಲಸಕ್ಕೆ ಹೋಗುವ ಮೊದಲು ಅವನ ಬೆರಳು ಒಂದೊಂದನ್ನೇ ಬಿಡಿಸಿ ಮಡಚುವಳು. ಬಂದ ಮೇಲೆ ಸೊಂಟಕ್ಕೆ ಟವೆಲು ಬಿಗಿದು, ಅದನ್ನು ಹಿಂದಿನಿಂದ ಹಿಡಿದು, ಬಾಗಿಲವರೆಗೆ ನಡೆಸುವಳು. ಅವನು ಉಗಿಯುತ್ತಿದ್ದ; ಅವಳು ಒರೆಸಿ ಮತ್ತೆ ಎಬ್ಬಿಸುತ್ತಿದ್ದಳು. ಇಬ್ಬರ ನಡುವೆ ಒಂದು ಒಳ್ಳೆಯ ಮಾತಿರಲಿಲ್ಲ.

"ಕಾಲು ಎಳೀಬೇಡಿ, ಎತ್ತಿ."

"ಮುಂಡೇದೇ!"

"ಬೈದಾದ್ಮೇಲೆ ಎತ್ತಿ."

ವಾರಕ್ಕೊಮ್ಮೆ ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೋ ಮೇಡಂಗೆ ಇದೆಲ್ಲ ಪ್ರೀತಿಯಂತೆ ಕಂಡಿತು. "ಎಂಥ ಹೆಂಡ್ತಿ ಸಿಕ್ಕಿದ್ದಾರೆ ನಿಮಗೆ!" ಎಂದು ಅವನ ಭುಜ ತಟ್ಟುವರು. ಗಂಡ ಹೆಂಡತಿ ಇಬ್ಬರೂ ಗೋಡೆ ನೋಡುವರು.

ಮಳೆಗಾಲ ಕಳೆಯುವಷ್ಟರಲ್ಲಿ ಕಾಲು ಬಂತು. ಬೆರಳುಗಳೂ ಮೇಡಂ ಕೊಟ್ಟಿದ್ದ ವ್ಯಾಯಾಮದ ಚೆಂಡು ಹಿಡಿಯತೊಡಗಿದವು. ನಾದಿನಿ ಮತ್ತೊಮ್ಮೆ ಬಂದಾಗ, "ಇನ್ನೇನು ಅತ್ತಿಗೆ, ಮೊದಲಿನ ಹಾಗೇ ಇರ್ಬಹುದು," ಎಂದಳು.

"ಮೊದಲಿನ ಹಾಗೆ ಇರೋಕೆ ಇಷ್ಟೆಲ್ಲಾ ಮಾಡ್ಲಿಲ್ಲ. ಅವರ ಅಂಗಿ ಗುಂಡಿ ಅವರೇ ಹಾಕ್ಕೊಂಡ ದಿನ ನಾನು ಹೊರಡ್ತೀನಿ."

ಮಂಚದ ಮೇಲಿದ್ದ ಅವನು ಕೇಳಿಸಿಕೊಂಡ. ಮರುದಿನದಿಂದ ಬಲಗೈ ಮತ್ತೆ ಕೊರಡಾಯಿತು. ಚೆಂಡು ಕೊಟ್ಟರೆ ಜಾರಿ ಬೀಳುವುದು, ಚಮಚ ಕೊಟ್ಟರೆ ಅದೂ ಬೀಳುವುದು. ಮೇಡಂ ತಲೆ ಕೆರೆದುಕೊಂಡರು. ಅವಳು ಇನ್ನಷ್ಟು ಬೇಗ ಎದ್ದು ಇನ್ನಷ್ಟು ಹೊತ್ತು ಬೆರಳು ತಿಕ್ಕಿದಳು.

ಒಂದು ಮಧ್ಯಾಹ್ನ ಲಾಂಡ್ರಿಯಲ್ಲಿ ಕರೆಂಟು ಹೋಗಿ ಎಲ್ಲರನ್ನೂ ಮನೆಗೆ ಕಳಿಸಿದರು. ಬಾಗಿಲು ತೆಗೆಯುವ ಮೊದಲು ಕಿಟಕಿಯಲ್ಲಿ ಅವನು ಕಂಡ. ಮೇಜಿಗೆ ಸೊಂಟ ಒರಗಿಸಿ ನಿಂತು, ನಾಲಿಗೆ ಕಚ್ಚಿಕೊಂಡು, ಬಲಗೈ ಬೆರಳಲ್ಲಿ ಅಂಗಿಯ ಗುಂಡಿ ಹಾಕುತ್ತಿದ್ದ. ಮೇಲಿನದು, ಅದರ ಕೆಳಗಿನದು, ಹೀಗೆ ಕೊನೆಯದರ ತನಕ. ಆಮೇಲೆ ಅಷ್ಟನ್ನೂ ಬಿಚ್ಚಿ, ಮಂಚಕ್ಕೆ ಹೋಗಿ, ಕೈಯನ್ನು ಸತ್ತ ಹಾವಿನಂತೆ ಪಕ್ಕಕ್ಕೆ ಚೆಲ್ಲಿ ಮಲಗಿದ.

ಅವಳ ಮೈ ಉರಿದುಹೋಯಿತು. ಒಳಗೆ ಹೋದವಳ ಬಾಯಲ್ಲಿ, ಮದುವೆಯಾದ ಮೇಲೆ ಮೊದಲ ಸಲ, ಏಕವಚನ ಬಂತು.

"ನಾಟಕ ಆಡ್ತೀಯಾ? ಕತ್ತೆ ಥರ ನಾನು ನಿನ್ನ ಹೊರ್ತಾ ಇದ್ರೆ, ನೀನು ಮಲಗಿ ಮಜಾ ನೋಡ್ತೀಯಾ?"

ಬೈಗುಳವಲ್ಲದ ಮಾತಿಗೆ ಅವನ ಬಾಯಿ ತಡಕಾಡಿತು. "ಹೋ... ಹೋಗ್... ಬೇಡ."

"ಯಾಕೆ? ತಟ್ಟೆ ಎಸೆಯೋಕೆ ಎದುರಿಗೆ ಒಂದಾಳು ಬೇಕಾ?"

ಅವನು ಎದ್ದು ಕೂತ. ಮುಖ ಕೆಂಪಾಗಿ, ತಲೆದೆಸೆಯಲ್ಲಿದ್ದ ಸ್ಟೀಲ್ ಲೋಟ ತೆಗೆದು ಬೀಸಿದ. ಬಲಗೈಯಿಂದಲೇ. ಅದು ಅವಳ ಪಾದದ ಹತ್ತಿರ ಬಿದ್ದು ಉರುಳಿತು.

ಅವಳು ಲೋಟ ಎತ್ತಲಿಲ್ಲ. "ಎಸೆಯೋಕೆ ಬರೋ ಕೈಗೆ ಉಣ್ಣೋಕೂ ಬರುತ್ತೆ," ಎಂದಳು.

ಆ ವಾರವೇ ಹೊರಟಳು. ಮೇಡಂ ಬರುವುದು ನಿಲ್ಲದಂತೆ ಹೇಳಿಟ್ಟಳು, ಪಕ್ಕದ ಮನೆಯವರಿಗೆ ಒಂದು ಬೀಗದ ಕೈ ಕೊಟ್ಟಳು, ಒಲೆಯ ಹತ್ತಿರದ ಸಾಮಾನನ್ನೆಲ್ಲ ಅವನ ಕೈಗೆಟುಕುವ ಹಲಗೆಗೆ ಇಳಿಸಿದಳು. ನಾದಿನಿ ಫೋನಿನಲ್ಲಿ, "ಕಲ್ಲು ಮನಸ್ಸು ನಿಮ್ದು," ಎಂದಳು. "ಮೆತ್ತಗಿನ ಮನಸ್ಸಿನವಳು ನೀನಿದ್ದೀಯಲ್ಲ, ಬಂದಿರು," ಎಂದು ಇವಳು ಫೋನಿಟ್ಟಳು. ನಾದಿನಿ ಬರಲಿಲ್ಲ.

ಅವನು ಉಪವಾಸ ಬೀಳಲಿಲ್ಲ. ಅರ್ಧ ಸೀದದ್ದೋ ಅರ್ಧ ಬೆಂದದ್ದೋ ತಾನೇ ಮಾಡಿಕೊಂಡು ಉಂಡ. ಕೋಲು ಹಿಡಿದು ಬಸ್ ಡಿಪೋದವರೆಗೆ ಹೋಗಿ ಹಳೆಯ ಜೊತೆಗಾರರ ನಡುವೆ ಕೂತು ಬರತೊಡಗಿದ. ಹೆಂಡತಿಯ ಮೇಲಿನ ಸಿಟ್ಟು ಹಾಗೇ ಇತ್ತು, ಅವಳದೂ ಇತ್ತು.

ಒಮ್ಮೆ ಔಷಧಿ ಅಂಗಡಿಯ ಮುಂದೆ ಇಬ್ಬರೂ ಎದುರುಬದುರಾದರು. ಅವನು ಕೋಲನ್ನು ಎಡಗೈಗೆ ಬದಲಾಯಿಸಿ ಮುಖ ತಿರುಗಿಸಿದ. ಅವಳು ಅವನ ಕಾಲು ನೋಡಿದಳು, ಎಳೆಯುತ್ತಿರಲಿಲ್ಲ. ಅಷ್ಟು ನೋಡಿ, ಅವನನ್ನು ಎತ್ತಿ ಎತ್ತಿ ಹಿಡಿದುಕೊಂಡಿದ್ದ ತನ್ನ ಎಡಭುಜಕ್ಕೆ ಮುಲಾಮು ಕೊಂಡು ಕೆಲಸಕ್ಕೆ ಹೋದಳು.