ಅವತ್ತು ನೀರಿಲ್ಲ ಅಂದಿದ್ದೆ

ಬಾಜೂ ಮನ್ಯಾಗ ಬಾಣಂತಿಗೆ ಬೇವಿನ ತಪ್ಪಲ ಹಾಕಿ ನೀರು ಕಾಸಾಕತ್ತಾರ. ಆ ವಾಸನಿ ಬಂತಂದ್ರ ನನಗ ಶಹಾಬಾದ ಕಡೆ ಪರ್ಸಿ ಖಣಿ ನೆನಪಾಗ್ತದ. ಖಣಿ ವಸ್ತಿಯೊಳಗ ನಮ್ಮ ಮಗ್ಗಲ ಮನಿಯಾಗಿದ್ದ ಅಕ್ಕ ನೆನಪಾಗ್ತಾಳ. ಹೊಟ್ಟಿ ಉರೀತದ. ಅಕಿ ಸತ್ತರೂ ಉರೀತದ.

ನಾನೂ ಅಕಿನೂ ಒಂದೇ ಖಣಿಯೊಳಗ ನೆಲಕ್ಕ ಹಾಸೋ ಪರ್ಸಿಕಲ್ಲು ಹೊರತಿದ್ವಿ. ಅಲ್ಲಿ ಆಳುಗಳ ಮ್ಯಾಲಿನ ಮುಕಾದಮ ಮೊದಲ ನನ್ನ ಕೆಡಿಸಿದ. ಶೆಡ್ಡಿನ ಹಿಂದ, ಹಾಡಹಗಲ. ಮನಿಗೆ ಬಂದು ಅವ್ವಗ ಹೇಳಿದೆ. ಅವ್ವ ಅತ್ಲು. ಬೇವಿನ ತಪ್ಪಲ ಹಾಕಿ ನೀರು ಕಾಸಿ ತಲಿ ಮ್ಯಾಲಿಂದ ಸುರುವಿದ್ಲು, ಸೀರಿ ತಿಕ್ಕಿ ತಿಕ್ಕಿ ಒಗದ್ಲು. ನಮ್ಮ ಕಡೆ ಹಂಗೇ, ಮೈಲಿಗಿ ಆತಂದ್ರ ಮೊದಲ ನೀರು. ಮರುದಿನ ದವಾಖಾನಿಗೆ ಹೋದ್ವಿ. "ಮೈ ತೊಳಕೊಂಡೀರಿ, ಸೀರಿ ಒಗದೀರಿ. ನಾ ಏನಂತ ಬರೀಲಿ?" ಅಂದ ಡಾಕ್ಟರ. ಮುಕಾದಮ ನನ್ನ ಮುಂದೇ ಎಲಿ ಅಡಿಕಿ ಅಗಕೋತ ತಿರಗಿದ...

ಮುಂದಿನ ಬ್ಯಾಸಗಿಗೆ ಅಕ್ಕನ ಪಾಳಿ. ಅಕಿ ಅತ್ತಿ ಖಾಲಿ ಕೊಡಾ ಹಿಡಕೊಂಡು ನಮ್ಮ ಬಾಗಿಲಿಗೆ ಬಂದ್ಲು.

"ಏ ತಂಗಿ, ಸೊಸಿಗೆ ಜಳಕಾ ಮಾಡಸಬೇಕು, ಒಂದು ಕೊಡಾ ನೀರು ಕೊಡವಾ. ಆ ಭಾಡ್ಯಾ ಮುಕಾದಮ..."

ನನಗ ತಿಳೀತು. "ನೀರಿಲ್ಲ" ಅಂದೆ.

"ಹಂಡೆ ತುಂಬ ಕಾಣಾಕತ್ತಾವಲ್ಲೇ! ನನ್ನ ಕಣ್ಣು ಹೋಗ್ಯಾವೇನು?"

"ಕಾಣಲಿ. ಒಂದು ಹನಿ ಕೊಡಂಗಿಲ್ಲ. ಆ ಸೀರಿ ಬಿಚ್ಚಬ್ಯಾಡ್ರಿ, ಹೆಂಗದಾಳೋ ಹಂಗೇ ದವಾಖಾನಿಗೆ ನಡೀರಿ. ನನ್ನ ತೊಳದಿದ್ರು. ಏನಾತು ನೋಡೀರಲ್ಲ?"

ಮುದುಕಿ ಬಾಯಿಗೆ ಬಂದಂಗ ಬೈದ್ಲು. ಆಮ್ಯಾಲ ಕೊಡಾ ಕೆಳಗಿಟ್ಟು ಸೊಸಿನ್ನ ಕರಕೊಂಡು ದವಾಖಾನಿಗೆ ಹೊಂಟ್ಲು.

ನಾನೂ ಜೋಡಿ ಹೋದೆ. ಹಳೇ ಡಾಕ್ಟರ ಹೋಗಿ ಆಗ ಒಬ್ಬರು ಡಾಕ್ಟರಬಾಯಿ ಬಂದಿದ್ರು. ಕಂಪೌಂಡರ ಬಾಗಲದಾಗೇ ತಡದ. "ಡಾಕ್ಟರಬಾಯಿ ಊರಾಗಿಲ್ಲ. ಮೊದಲ ಪೊಲೀಸರ ಚೀಟಿ ತರ್ರಿ. ಇಲ್ಲಂದ್ರ ಗುಲಬರ್ಗಾಕ್ಕ ಹೋಗ್ರಿ." ಅಕ್ಕ ಬಾಗಲ ಮುಂದಿನ ಪಾವಟಿಗಿ ಮ್ಯಾಲೆ ಕುಂತಬಿಟ್ಲು. "ಇಲ್ಲೇ ಕುಂದರತೀನಿ. ಬಾಯಾರು ಬರೋತನಕ ಉಚ್ಚೀನೂ ಹೊಯ್ಯಂಗಿಲ್ಲ" ಅಂದ್ಲು.

ಸಂಜೀ ಗಾಡಿಗೆ ಡಾಕ್ಟರಬಾಯಿ ಬಂದ್ರು. ಬಾಗಿಲು ಹಾಕಿ ಅಕಿ ಮೈಮ್ಯಾಲಿನ ಒಂದೊಂದು ಗಾಯ ನೋಡಿ ಬರಕೊಂಡ್ರು. ಸೀರಿ ಕಾಗದದಾಗ ಸುತ್ತಿ ಮೊಹರು ಹಚ್ಚಿ ಇಟ್ಟರು.

ಅದರ ಮ್ಯಾಲೇ ಮುಕಾದಮ ಜೇಲಿಗೆ ಹೋದ. ಅಕ್ಕನ ಸಲುವಾಗಿ. ನನ್ನ ಸಲುವಾಗಿ ಅಲ್ಲ. ವಸ್ತಿ ಹೆಂಗಸೂರು ಅಕಿ ಮಗ್ಗಲ ಬಂದು ಕುಂದರತಿದ್ರು, ನನ್ನ ಕಂಡ್ರ ಮಾತು ನಿಲ್ಲಸತಿದ್ರು. ಅಕ್ಕ ಮಾತ್ರ ರೊಟ್ಟಿ ಬಡದಾಗೆಲ್ಲ ನನಗೊಂದು ತರತಿದ್ಲು. "ಏ ನೀರಿಲ್ಲದಾಕಿ, ತಗೋ" ಅಂತ ನಗತಿದ್ಲು. ತಿಂತಿದ್ದೆ. ಹೊಟ್ಟಿ ಉರಿ ಆರಲಿಲ್ಲ...

ಹ್ವಾದ ತಿಂಗಳು ಅಕಿ ಹೋದ್ಲು. ಮಣ್ಣಿಗೆ ಹೋಗಿದ್ದೆ. ಎಲ್ಲಾರ ಬಾಯಾಗ ಒಂದೇ ಮಾತು, ಎಂಥಾ ಧೈರ್ಯದ ಹೆಂಗಸು. ಹೌದು, ಇದ್ಲು. ಇನ್ನ ನನಗ ಹಂಗ ನಕ್ಕೋತ ಕರಿಯೋರು ಯಾರೂ ಇಲ್ಲ. ಆದ್ರ ಧೈರ್ಯ ನನಗೂ ಇತ್ತು. ಅವ್ವ ತಂಬಿಗಿ ಎತ್ತಿದಾಗ ಬ್ಯಾಡ ಅನ್ನೋರು ಯಾರೂ ಇರಲಿಲ್ಲ, ಅಷ್ಟೇ.