ಉಪ್ಪಿನ ಹೆಸರು ಹೇಳದ ಬೆರ್ಮೆತ್

ಬೆರ್ಮೆತ್ ಸೂಜಿ ಚುಚ್ಚದ ತೋಳು ನಮ್ಮೂರಲ್ಲಿ ಒಂದೂ ಇಲ್ಲ. ಎರಡು ಕೋಣೆಯ ದವಾಖಾನೆಗೆ ಅವಳೇ ಫೆಲ್ಡ್‌ಶರ್, ಅಂದರೆ ಡಾಕ್ಟರ ಕೆಳಗಿನ ವೈದ್ಯ ಸಹಾಯಕಿ. ಡಾಕ್ಟರು ಇರುವುದು ಎರಡು ಕಣಿವೆ ದಾಟಿ ಜಿಲ್ಲಾ ಪಟ್ಟಣದಲ್ಲಿ, ಹಾಗಾಗಿ ನಮ್ಮ ಪಾಲಿಗೆ ಡಾಕ್ಟರೂ ಅವಳೇ. ನಾನು ಬಾತ್ಮಾ, ಅದೇ ದವಾಖಾನೆಯಲ್ಲಿ ಬೆಳಿಗ್ಗೆ ಒಲೆಗೆ ಕಲ್ಲಿದ್ದಲು ಹಾಕಿ ನೆಲ ಒರೆಸುವವಳು. ಅವಳ ಪಕ್ಕದ ಮನೆಯವಳೂ ನಾನೇ. ಹಾಗಾಗಿ ಊರಿನವರು ಒಬ್ಬಳು ಬೆರ್ಮೆತ್‌ಳನ್ನು ಕಂಡರೆ ನಾನು ಇಬ್ಬರನ್ನು ಕಂಡಿದ್ದೇನೆ.

ದವಾಖಾನೆಯ ಬೆರ್ಮೆತ್ ಗಟ್ಟಿಗಿತ್ತಿ. ಊರಿನ ಮುಖ್ಯಸ್ಥನಿಗೂ ಒಂದು ಮಾತು ಬಿಸಿಯಾಗಿಯೇ ಹೇಳುವವಳು. ಶಾಲೆಯ ಮಕ್ಕಳು ಮುಖದ ತುಂಬಾ ಮೊಡವೆ ಮಾಡಿಕೊಂಡು ಬಂದರೆ ಅವಳ ಬಾಯಿಗೆ ಬಿಡುವೇ ಇಲ್ಲ.

"ಕೈ ತೆಗಿ ಮುಖದಿಂದ! ಹಿಸುಕಿದ್ರೆ ಗುಂಡಿ ಬೀಳತ್ತೆ, ಆಮೇಲೆ ಅದನ್ನ ನಾನೂ ತುಂಬಿಸಕ್ಕಾಗಲ್ಲ, ನಿಮ್ಮಪ್ಪನೂ ತುಂಬಿಸಕ್ಕಾಗಲ್ಲ. ದಿನಕ್ಕೆ ಎರಡು ಸಲ ಮೆತ್ತಗೆ ತೊಳಿ. ಗಸಗಸ ಉಜ್ಜಕ್ಕೆ ನಿನ್ನ ಮುಖ ಏನು ಕಡಾಯಿನಾ? ಔಷಧಿ ಬಟಾಣಿ ಕಾಳಷ್ಟು ಸಾಕು, ಗುಳ್ಳೆ ಮೇಲೆ ಮಾತ್ರ ಅಲ್ಲ, ಇಡೀ ಮುಖಕ್ಕೆ. ಮೊದಲನೇ ತಿಂಗಳು ಜಾಸ್ತಿ ಆದಂಗೆ ಕಾಣತ್ತೆ, ಸಿಪ್ಪೆ ಏಳತ್ತೆ. ಹೆದರಿ ಬಿಟ್ಟುಬಿಡಬೇಡ. ಮೂರು ತಿಂಗಳು ಕಾದು ನೋಡು, ಆಗಲೂ ಹೋಗದಿದ್ರೆ ಬಂದು ನನ್ನ ಬೈ."

ಇಷ್ಟನ್ನೂ ಅವಳು ಒಂದೇ ಉಸಿರಿಗೆ ಹೇಳುತ್ತಿದ್ದಳು. ಸಾವಿರ ಸಲ ಕೇಳಿ ಕೇಳಿ ನನಗೇ ಬಾಯಿಪಾಠ ಆಗಿಹೋಗಿದೆ.

ಸಂಜೆ ಬಿಳಿ ಕೋಟು ಮೊಳೆಗೆ ನೇತು ಹಾಕಿ ಮನೆಯ ಹೊಸ್ತಿಲು ದಾಟಿದಳೋ, ಇನ್ನೊಬ್ಬಳು ಬೆರ್ಮೆತ್. ತಲೆವಸ್ತ್ರ ಹುಬ್ಬಿನವರೆಗೆ ಎಳೆದುಕೊಂಡು, ಅತ್ತೆಗೆ ಚಹಾ ಬಟ್ಟಲು ಎರಡೂ ಕೈಯಲ್ಲಿ ಕೊಡುವ ಸೊಸೆ. ನಮ್ಮಲ್ಲಿ ಸೊಸೆಯಾದವಳು ಗಂಡನ ಮನೆಯ ಹಿರಿಯರ ಹೆಸರು ಹೇಳುವ ಹಾಗಿಲ್ಲ. ಹೆಸರನ್ನು ಹೋಲುವ ಮಾತನ್ನೂ ಆಡುವ ಹಾಗಿಲ್ಲ. ಈಗಿನ ಹುಡುಗಿಯರು ಇದನ್ನೆಲ್ಲ ಗಾಳಿಗೆ ತೂರಿದ್ದಾರೆ, ಆದರೆ ಆ ಮನೆಯಲ್ಲಿ ಅದು ಇನ್ನೂ ಗಟ್ಟಿಯಾಗಿ ಕೂತಿದೆ. ಬೆರ್ಮೆತ್‌ಳ ಕರ್ಮಕ್ಕೆ ತೀರಿಹೋದ ಮಾವನ ಹೆಸರು ತುಜ್‌ಬಾಯ್. ತುಜ್ ಅಂದರೆ ನಮ್ಮ ಭಾಷೆಯಲ್ಲಿ ಉಪ್ಪು. ಹದಿನೇಳು ವರ್ಷ ಆ ಅಡುಗೆಮನೆಯಲ್ಲಿ ಬೇಯಿಸಿದವಳು ಒಂದು ದಿನವಾದರೂ ಉಪ್ಪಿಗೆ ಉಪ್ಪು ಅನ್ನಲಿಲ್ಲ. 'ಬಿಳಿಯದು' ಅನ್ನುತ್ತಿದ್ದಳು. ನನ್ನ ಮನೆಗೆ ಸಾಲ ಕೇಳಲು ಬಂದರೂ, ಅಕ್ಕ ಅನ್ನುವ ಹಾಗೆ ನನ್ನನ್ನು ಕರೆದು, "ಎಜೆ, ಒಂದು ಹಿಡಿ ಬಿಳಿಯದು ಕೊಡಿ" ಅನ್ನುವಳು. ನಾನು ಬೇಕೆಂದೇ ಸಕ್ಕರೆ ಕೊಟ್ಟು ಕಳಿಸಿ, ಅವಳು ಬೇಲಿಯಿಂದ ಗೊಣಗುತ್ತಾ ವಾಪಸ್ಸು ಬರುವುದನ್ನು ನೋಡಿ ನಗುತ್ತಿದ್ದೆ.

ಅವಳ ಮಗಳು ಕುಂದುಜ್ ಹುಟ್ಟಿದಾಗ ಇದೇ ಬಿಳಿಯದರಿಂದ ಒಂದು ತಮಾಷೆ ನಡೆಯಿತು. ಆಗ ನಾವು ಅದನ್ನು ತಮಾಷೆ ಅಂತಲೇ ಅಂದುಕೊಂಡಿದ್ದೆವು. ನಮ್ಮಲ್ಲಿ ಹಸುಗೂಸಿಗೆ ನಲವತ್ತು ದಿನ ಉಪ್ಪು ನೀರಿನ ಸ್ನಾನ. ಹಾಗೆ ಮಾಡಿದರೆ ದೊಡ್ಡದಾದ ಮೇಲೆ ಬೆವರು ನಾರುವುದಿಲ್ಲ, ಮೈಮೇಲೆ ಗುಳ್ಳೆ ಏಳುವುದಿಲ್ಲ ಅಂತ. ಬೆರ್ಮೆತ್ ಆಗತಾನೇ ಓದು ಮುಗಿಸಿ ಬಂದವಳು. ಮಗುವಿನ ತೊಡೆಸಂದು ಕೆಂಪಗೆ ಹುಣ್ಣಾಗಿತ್ತು. ಅದಕ್ಕೆ ಉಪ್ಪು ನೀರು ಹೊಯ್ಯಲು ಅವಳಿಗೆ ಮನಸ್ಸು ಬರಲಿಲ್ಲ. ಬಾಗಿಲು ಮುಂದೆ ಮಾಡಿ ನೀರಿಗೆ ಒಂದು ಚಮಚ ಆಲೂಗಡ್ಡೆ ಹಿಟ್ಟು ಕದಡಿದಳು. ಅತ್ತೆ ಹೊರಗಿನಿಂದ ಕೂಗಿ ಕೇಳಿದಳು, "ಉಪ್ಪು ಹಾಕಿದ್ಯಾ?" ಇವಳು, "ಬಿಳಿಯದು ಹಾಕ್ದೆ, ಎನೆ!"

ನಲವತ್ತು ದಿನವೂ ಹೀಗೇ ಸಾಗಿತು. "ನಾನೇನೂ ಸುಳ್ಳು ಹೇಳಿಲ್ಲ ಎಜೆ, ಹಿಟ್ಟೂ ಬಿಳಿಯದೇ ಅಲ್ವಾ?" ಅಂತ ದವಾಖಾನೆಯಲ್ಲಿ ಹೇಳಿದಾಗ ನಾನು ಪೊರಕೆ ಕೆಳಗೆ ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ಕುಂದುಜ್‌ಗೆ ಹದಿನಾಲ್ಕು ತುಂಬಿತು, ಹಣೆಯ ಮೇಲೆ ನಾಲ್ಕು ಗುಳ್ಳೆ ಕಾಣಿಸಿಕೊಂಡವು. ಹದಿನೈದಕ್ಕೆ ಕೆನ್ನೆ, ಗದ್ದ ಎಲ್ಲ ತುಂಬಿತು. ಸಾಮಾನ್ಯ ಮೊಡವೆಯಲ್ಲ, ಚರ್ಮದ ಒಳಗೆ ಗಂಟುಗಂಟಾಗಿ ಕೂತು ಮುಟ್ಟಿದರೆ ಕಣ್ಣಲ್ಲಿ ನೀರು ಬರಿಸುವಂಥವು. ಹಲಗೆಯ ಮೇಲೆ ಒಣಗಲು ಹಾಕಿದ ಮೊಸರುಂಡೆ ಇದೆಯಲ್ಲ, ಕುರುತ್, ಶಾಲೆಯಲ್ಲಿ ಅದೇ ಅವಳ ಹೆಸರಾಯಿತು. "ಕುರುತ್ ಬಂದಳು, ನೊಣ ಓಡ್ಸಿ!" ಅನ್ನುತ್ತಿದ್ದರಂತೆ, ಆ ನಾಲಿಗೆಗಳಿಗಿಷ್ಟು ಬೆಂಕಿ ಬೀಳ. ಹುಡುಗಿ ದವಾಖಾನೆಯಿಂದ ಮೂಗುಬಟ್ಟೆ ತೆಗೆದುಕೊಂಡು ಹೋಗಿ ಬೆಳಗಿನಿಂದ ಸಂಜೆವರೆಗೆ ಕಟ್ಟಿಕೊಂಡೇ ಇರುತ್ತಿದ್ದಳು. ಊಟಕ್ಕೆ ಗೋಡೆ ಕಡೆ ತಿರುಗಿ ಕೂರುವಳು. ಕೈಯಲ್ಲಿ ಸದಾ ಕೋಮುಜ್ ವಾದ್ಯ ಹಿಡಿದು ಓಡಾಡುತ್ತಿದ್ದವಳು ಅದನ್ನು ಗೋಡೆಗೆ ನೇತುಹಾಕಿಬಿಟ್ಟಳು.

ಏಪ್ರಿಲ್‌ನಲ್ಲಿ ಬೆರ್ಮೆತ್ ಮಗಳನ್ನು ಜಿಲ್ಲಾ ಪಟ್ಟಣದ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಮುಲಾಮು, ಮಾತ್ರೆ ತಂದಳು. ಬಟಾಣಿ ಕಾಳಷ್ಟು, ಇಡೀ ಮುಖಕ್ಕೆ. ಬಿಸಿಲಿಗೆ ಹೋದರೆ ಅಗಲ ಅಂಚಿನ ಟೋಪಿ. ಎಲ್ಲ ಸರಿಯಾಗಿಯೇ ಶುರುವಾಯಿತು. ಮೂರನೇ ವಾರಕ್ಕೆ ಮುಖ ಕೆಂಪಗಾಗಿ ಸಿಪ್ಪೆ ಏಳತೊಡಗಿತು, ಹೊಸ ಗುಳ್ಳೆಗಳೂ ಎದ್ದವು. ಹೀಗಾಗುತ್ತದೆ ಅಂತ ಬೆರ್ಮೆತ್‌ಗೆ ಗೊತ್ತು, ನನಗೂ ಗೊತ್ತು. ಆದರೆ ಅವಳ ಅತ್ತೆಗೆ, ನಾವೆಲ್ಲ ಎನೆ ಅನ್ನುವ ಮುದುಕಿಗೆ, ಗೊತ್ತಿರಲಿಲ್ಲ.

ಎನೆ ಕೆಟ್ಟವಳು ಅಂತ ನಾನು ಹೇಳಿದರೆ ನನ್ನ ಬಾಯಿಗೆ ಹುಳ ಬೀಳುತ್ತದೆ. ಚಳಿಗಾಲದಲ್ಲಿ ಮೊಮ್ಮಗಳ ಪಾದವನ್ನು ತನ್ನ ಮಡಿಲಲ್ಲಿಟ್ಟು ಬೆಚ್ಚಗೆ ಮಾಡುತ್ತಿದ್ದ ಹೆಂಗಸು ಅವಳು. ಆ ದಿನ ನಾನು ಮಜ್ಜಿಗೆ ಕೇಳಲು ಹೋಗಿದ್ದೆ. ಮೇ ತಿಂಗಳ ಮಧ್ಯಾಹ್ನ. ಬೆರ್ಮೆತ್‌ಳ ಗಂಡ ಆಗಲೇ ಕುರಿ ಹೊಡೆದುಕೊಂಡು ಬೆಟ್ಟಕ್ಕೆ ಹೋಗಿಯಾಗಿತ್ತು. ಎನೆ ಮುಲಾಮಿನ ಟ್ಯೂಬನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದಳು.

"ಮಗೂನ ಮುಖ ಸುಡ್ತಾ ಇದೀಯಲ್ಲೇ! ಇನ್ನು ಹತ್ತು ದಿನಕ್ಕೆ ಶಾಲೆ ವರ್ಷ ಮುಗಿಸೋ ಕೊನೆ ಗಂಟೆ ಹಬ್ಬ. ಎಲ್ಲರೂ ಬಿಳಿ ಏಪ್ರನ್ ಹಾಕ್ಕೊಂಡು ಸಾಲಾಗಿ ನಿಂತಾಗ ಇವಳು ಆ ಬಟ್ಟೆ ಕಟ್ಕೊಂಡು ನಿಲ್ಲಬೇಕಾ?" ಅಂದವಳು, ಸ್ವಲ್ಪ ತಡೆದು ಸೊಸೆಯ ಕಡೆ ತಿರುಗಿದಳು. "ನಿಜ ಹೇಳು. ಇವಳಿಗೆ ಆವಾಗ ಉಪ್ಪು ಸರಿಯಾಗಿ ಹಾಕಿದ್ಯಾ? ನನ್ನ ಐದು ಮಕ್ಕಳಲ್ಲಿ ಒಂದರ ಮುಖದ ಮೇಲೂ ಒಂದು ಗುಳ್ಳೆ ಬಂದಿಲ್ಲ. ಇದು ಉಪ್ಪು ಕಾಣದ ಮೈ ಇದ್ದಂಗಿದೆ."

ನಾನು ಬೆರ್ಮೆತ್ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ಹದಿನೈದು ವರ್ಷದ ಹಿಂದೆ ನಗಿಸಿದ ಆಲೂಗಡ್ಡೆ ಹಿಟ್ಟು ಈಗ ಇಬ್ಬರನ್ನೂ ನಗಿಸಲಿಲ್ಲ. ಅತ್ತೆಗೆ ಹೆದರಿದಳು ಅಂತ ಆಗ ನಾನು ತಿಳಿದೆ. ಅಷ್ಟೇ ಅಲ್ಲ. ಆಮೇಲೆ ಒಂದು ದಿನ ಅವಳೇ ಹೇಳಿದಳು, "ಎಜೆ, ಆ ಕ್ಷಣದಲ್ಲಿ ನಂಗೂ ಅನ್ನಿಸಿಬಿಡ್ತು. ಅಕಸ್ಮಾತ್ ಅದು ನಿಜವೇ ಆಗಿದ್ರೆ? ನಾನೇ ನನ್ನ ಮಗಳ ಮುಖ ಕೆಡಿಸಿದ್ದಾದ್ರೆ?" ಅಷ್ಟು ಓದಿದವಳು!

ಬೆರ್ಮೆತ್ ತಲೆ ತಗ್ಗಿಸಿ, "ಕಮ್ಮಿ ಬಿದ್ದಿರಬಹುದು, ಎನೆ" ಅಂದಳು.

ಎನೆಗೆ ಅಷ್ಟೇ ಸಾಕಾಯಿತು. ಕಮ್ಮಿ ಬಿದ್ದದ್ದನ್ನು ಈಗ ತುಂಬಿಸಿಕೊಟ್ಟರಾಯಿತು. ಕಲ್ಲುಪ್ಪು ಕುಟ್ಟಿ ಬಿಸಿನೀರಲ್ಲಿ ನೆನೆಸಿ, ಉಣ್ಣೆಬಟ್ಟೆಯಿಂದ ಹುಡುಗಿಯ ಮುಖ ತಿಕ್ಕಿದಳು. ಆಮೇಲೆ ಉರಿ ಆರಲಿ ಅಂತ ಕುರಿಬಾಲದ ಕೊಬ್ಬು ಕರಗಿಸಿ ದಪ್ಪಗೆ ಬಳಿದಳು. ಕೆಮ್ಮಿಗೂ, ಸುಟ್ಟಗಾಯಕ್ಕೂ, ಹಿಮಕ್ಕೆ ಒಡೆದ ಕೈಗೂ ನಮಗೆ ಅದೇ ಔಷಧಿ ತಾನೇ. ತಂಬಿಗೆ ಹಿಡಿದು ನೀರು ಹೊಯ್ದವಳು ಬೆರ್ಮೆತ್. ಮೆತ್ತಗೆ ತೊಳಿ, ಉಜ್ಜಬೇಡ ಅಂತ ಊರಿಗೆಲ್ಲ ಬುದ್ಧಿ ಹೇಳಿದ ಬೆರ್ಮೆತ್.

"ಅಪಾ, ಉರೀತಿದೆ! ಅಪಾ, ಬೇಡ ಅನ್ನು!" ಅಂತ ಹುಡುಗಿ ಕೂಗಿದ್ದು ತಾಯಿಯನ್ನು, ಅಜ್ಜಿಯನ್ನಲ್ಲ. ಬೆರ್ಮೆತ್ ಬಾಯಿ ತೆರೆಯಲಿಲ್ಲ. ನಾನೂ ತೆರೆಯಲಿಲ್ಲ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮಜ್ಜಿಗೆ ಪಾತ್ರೆ ಹಿಡಿದು ಕಂಬದ ಹಾಗೆ ನಿಂತಿದ್ದೆ. ಪಕ್ಕದ ಮನೆಯ ವಿಷಯ ಅಂದುಕೊಂಡೆ.

ಮೂರು ದಿನ ತಿಕ್ಕಿದರು. ನಾಲ್ಕನೇ ದಿನ ಹುಡುಗಿಯ ಮುಖ ಊದಿ ಒಂದು ಕಣ್ಣು ಮುಚ್ಚಿಹೋಯಿತು. ಗಂಟುಗಳೆಲ್ಲ ಒಡೆದು ಕೀವು, ಮೈ ಕೆಂಡದಂಥ ಜ್ವರ. ಹಾಲಿನ ವ್ಯಾನಿನಲ್ಲಿ ಪಟ್ಟಣಕ್ಕೆ ಒಯ್ದೆವು. ದಾರಿಯುದ್ದಕ್ಕೂ ಎನೆ ಅಳುತ್ತಿದ್ದಳು, ಬೆರ್ಮೆತ್ ಅಳಲಿಲ್ಲ. ಅದೇ ಚರ್ಮದ ಡಾಕ್ಟರು ಬಂದು ನೋಡಿದರು.

"ಗಾಯದ ಮೇಲೆ ಉಪ್ಪು ತಿಕ್ಕಿ, ಮೇಲೆ ಕೊಬ್ಬು ಬಳಿದು ಮುಚ್ಚಿದ್ರೆ ಒಳಗಿದ್ದದ್ದು ಎಲ್ಲಿಗೆ ಹೋಗಬೇಕ್ರೀ? ಜ್ವರ ಇಳಿಯತ್ತೆ, ಕಲೆ ಮಾತ್ರ ಪೂರ್ತಿ ಹೋಗಲ್ಲ. ನಿಮ್ಮೂರಲ್ಲಿ ಒಬ್ಬ ಫೆಲ್ಡ್‌ಶರ್ ಆದ್ರೂ ಇಲ್ವಾ, ಇದು ತಪ್ಪು ಅಂತ ಹೇಳಕ್ಕೆ?"

"ಇದಾಳೆ," ಅಂದಳು ಬೆರ್ಮೆತ್. "ನಾನೇ."

ಡಾಕ್ಟರು ಕನ್ನಡಕ ತೆಗೆದು ಅವಳನ್ನೊಮ್ಮೆ ನೋಡಿ, ಮತ್ತೆ ಹಾಕಿಕೊಂಡು ಬರೆಯತೊಡಗಿದರು.

ಕೊನೆ ಗಂಟೆಯ ದಿನ ಕುಂದುಜ್ ಆಸ್ಪತ್ರೆಯ ಹಾಸಿಗೆಯಲ್ಲಿದ್ದಳು. ಮನೆಗೆ ಬಂದ ಮೇಲೆ ಅಜ್ಜಿಯ ಪಕ್ಕದಲ್ಲೇ ಮಲಗಿದಳು, ಅಜ್ಜಿಯ ಕೈಯಿಂದಲೇ ರೊಟ್ಟಿ ತಿಂದಳು. ತಾಯಿಯೊಡನೆ ಮಾತು ನಿಲ್ಲಿಸಿದಳು. ನನಗೆ ಸಿಟ್ಟು ಬಂತು. ಬೇಲಿ ಹತ್ತಿರ ಹಿಡಿದು ನಿಲ್ಲಿಸಿ, "ತಿಕ್ಕಿದ್ದು ನಿಮ್ಮಜ್ಜಿ ಕಣೇ, ನಿಮ್ಮಮ್ಮನ ಮೇಲೆ ಯಾಕೆ ಮುನಿಸು?" ಅಂತ ಕೇಳಿದೆ.

"ಎನೆಗೆ ಗೊತ್ತಿರಲಿಲ್ಲ ಎಜೆ," ಅಂದಳು ಹುಡುಗಿ. "ಅಪಾಗೆ ಗೊತ್ತಿತ್ತು."

ಬೆರ್ಮೆತ್ ಬೇಲಿಯ ಆಚೆ ಬಟ್ಟೆ ಒಣಗಿಸುತ್ತಿದ್ದಳು, ಕೇಳಿಸಿಕೊಂಡಳು. ಒದ್ದೆ ಬಟ್ಟೆ ಹಿಡಿದ ಕೈ ಹಾಗೇ ನಿಂತಿತು.

ಆ ಬೇಸಿಗೆಯೆಲ್ಲ ಅವಳು ದಿನಾ ಮುಲಾಮಿನ ಟ್ಯೂಬನ್ನು ಮಗಳ ದಿಂಬಿನ ಹತ್ತಿರ ಇಡುವಳು. ಮಗಳು ಮಾತಿಲ್ಲದೆ ಹಚ್ಚಿಕೊಳ್ಳುವಳು. ಈ ಸಲ ಯಾರೂ ಪೆಟ್ಟಿಗೆಯ ಬೀಗ ಮುಟ್ಟಲಿಲ್ಲ. ಸೆಪ್ಟೆಂಬರ್ ಹೊತ್ತಿಗೆ ಹೊಸ ಗುಳ್ಳೆ ಏಳುವುದು ನಿಂತಿತು. ಗುಂಡಿಗಳು ಉಳಿದವು, ಎರಡೂ ಕೆನ್ನೆಯಲ್ಲಿ. ದವಾಖಾನೆಯಲ್ಲೂ ಬೆರ್ಮೆತ್ ಮೊದಲಿನಂತಿರಲಿಲ್ಲ. ಮೊಡವೆಯ ಮಕ್ಕಳು ಬಂದರೆ ಚೀಟಿ ಬರೆದು ಕೊಡುವಳು. ಅವಳ ಆ ಒಂದೇ ಉಸಿರಿನ ಭಾಷಣವನ್ನು ನಾನೇ ನೆಲ ಒರೆಸುತ್ತಾ ಒಪ್ಪಿಸಬೇಕಾಯಿತು.

ಅಕ್ಟೋಬರ್‌ನಲ್ಲಿ ಎನೆಯ ಕಿರಿ ಸೊಸೆಗೆ ಗಂಡು ಮಗುವಾಯಿತು. ಮೊದಲ ಸ್ನಾನದ ದಿನ ನೆರೆಹೊರೆಯ ಹೆಂಗಸರೆಲ್ಲ ಸೇರಿದ್ದೆವು. ಎಣ್ಣೆಯಲ್ಲಿ ಕರಿದ ಬೋರ್ಸೋಕ್ ರಾಶಿ ಬಿದ್ದಿತ್ತು, ನಗು, ಗದ್ದಲ. ಎನೆ ಮಗುವನ್ನು ತೋಳಿನ ಮೇಲೆ ಮಲಗಿಸಿಕೊಂಡು ಬೋಗುಣಿಯ ಮುಂದೆ ಕೂತಿದ್ದಳು. ಕುಂದುಜ್ ನೀರಿನ ಹೂಜಿ ಹಿಡಿದು ನಿಂತಿದ್ದಳು. ಕಿಟಕಿಯ ಬೆಳಕು ಅವಳ ಕೆನ್ನೆಯ ಮೇಲೆ ಬಿದ್ದು ಒಂದೊಂದು ಗುಂಡಿಯೂ ಕಾಣುತ್ತಿತ್ತು.

"ಬೆರ್ಮೆತ್, ಉಪ್ಪಿನ ಡಬ್ಬ ತಾ," ಅಂದಳು ಎನೆ.

ಬೆರ್ಮೆತ್ ಗೋಡೆಗೆ ಒರಗಿದ್ದಳು. ಅಲ್ಲಿಂದ ಕದಲಲಿಲ್ಲ.

"ಕೇಳಿಸಲಿಲ್ವಾ? ಉಪ್ಪು!"

"ತುಜ್ ಹಾಕಲ್ಲ, ಎನೆ," ಅಂದಳು ಬೆರ್ಮೆತ್.

ಬಿಳಿಯದು ಅನ್ನಲಿಲ್ಲ. ಸತ್ತ ಮಾವನ ಹೆಸರನ್ನು ಅಷ್ಟು ಜನರ ಮುಂದೆ ಬಾಯಿಬಿಟ್ಟು ಅಂದಳು. ಒಬ್ಬ ಮುದುಕಿ ತೋಬಾ ತೋಬಾ ಅಂತ ತನ್ನ ಕಾಲರ್ ಹಿಡಿದುಕೊಂಡಳು. ನನ್ನ ಬಾಯಲ್ಲಿದ್ದ ಬೋರ್ಸೋಕ್ ಬಾಯಲ್ಲೇ ಉಳಿಯಿತು.

"ಏನಂದೆ?"

"ತುಜ್ ಅಂದೆ." ಬೆರ್ಮೆತ್ ಗೋಡೆ ಬಿಟ್ಟು ನೆಟ್ಟಗೆ ನಿಂತಳು. "ಕುಂದುಜ್‌ಗೂ ನಾನು ತುಜ್ ಹಾಕಿರಲಿಲ್ಲ. ನಲವತ್ತು ದಿನ ಆಲೂಗಡ್ಡೆ ಹಿಟ್ಟು ಹಾಕಿ ನಿಮಗೆ ಮೋಸ ಮಾಡ್ದೆ. ಮೊಡವೆ ಬಂದದ್ದು ಅದರಿಂದಲ್ಲ, ವಯಸ್ಸಿಗೆ ಬರೋದು, ನನಗೂ ಬಂದಿತ್ತು. ಅವಳ ಮುಖ ಹಾಳಾಗಿದ್ದು ಈ ಮೇ ತಿಂಗಳಲ್ಲಿ. ಗೊತ್ತಿದ್ದೂ ನೀರು ಹೊಯ್ದದ್ದು ನಾನು. ಈ ಮಗೂಗೆ ಹೊಯ್ಯಲ್ಲ, ಹೊಯ್ಯಕ್ಕೂ ಬಿಡಲ್ಲ."

ಎನೆಯ ಮುಖದಲ್ಲಿ ಸಿಟ್ಟು ಬರುತ್ತದೆ ಅಂತ ಕಾದೆ. ಬಂದದ್ದು ಬೇರೆ. ಮೊಮ್ಮಗಳ ಕೆನ್ನೆಯನ್ನು ನೋಡಿದಳು, ತನ್ನ ಕೈಯನ್ನು ನೋಡಿಕೊಂಡಳು, ಮಗುವನ್ನು ಪಕ್ಕದವಳ ಮಡಿಲಿಗೆ ಕೊಟ್ಟು ಎದ್ದು ಒಳಗೆ ಹೋಗಿಬಿಟ್ಟಳು. ಅವಳು ಸೊಸೆಯನ್ನು ಕ್ಷಮಿಸಿದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಚಹಾ ಬಟ್ಟಲನ್ನಂತೂ ಈಗ ಕಿರಿ ಸೊಸೆಯ ಕೈಯಿಂದಲೇ ತೆಗೆದುಕೊಳ್ಳುತ್ತಾಳೆ.

ಮಗು ಚಳಿಗೆ ಕಿರುಚತೊಡಗಿತು. ಬೆರ್ಮೆತ್ ಮುಂದೆ ಬಂದು ಅದನ್ನು ಎತ್ತಿಕೊಂಡು ಬೋಗುಣಿಯ ಮುಂದೆ ಕೂತಳು. ಕುಂದುಜ್ ಹೂಜಿ ಹಿಡಿದು ಹಾಗೇ ನಿಂತಿದ್ದಳು. ಆಮೇಲೆ ಬಗ್ಗಿ, ಐದು ತಿಂಗಳಲ್ಲಿ ಮೊದಲ ಸಲ ತಾಯಿಗೆ ಬಾಯಿಬಿಟ್ಟಳು.

"ಬಿಸಿ ಜಾಸ್ತಿ ಇದೆಯಾ ನೋಡು, ಅಪಾ. ಆಮೇಲೆ ಹೊಯ್ತೀನಿ."