ತುಂಬಿ ಹೋಗುತ್ತಿದ್ದ ಡಬ್ಬಿ

ನಲವತ್ತು ದಾಟಿದ ಮೇಲೆ ನನಗೆ ವಿಮಾನ ಹಾರಿಸುವ ಹುಚ್ಚು ಹಿಡಿಯಿತು. ವಾರವೆಲ್ಲ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು ರವಿವಾರ ಬೆಳಗಾದರೆ ಸ್ಕೂಟಿ ಹತ್ತಿ ಕುಬಿಹಾಳದ ಆಚೆಯ ಹೊಲವೊಂದಕ್ಕೆ ಓಡುತ್ತಿದ್ದೆ. ಅಲ್ಲಿ ನಿವೃತ್ತ ಪೈಲಟ್ ಒಬ್ಬರು ಎರೆಮಣ್ಣಿನ ಮೇಲೆ ಗರಸು ಹಾಕಿಸಿ ರನ್‌ವೇ ಮಾಡಿಕೊಂಡು, ಇಬ್ಬರೇ ಕೂರಬಹುದಾದ ಸ್ವಂತ ವಿಮಾನ ಇಟ್ಟುಕೊಂಡಿದ್ದರು. ಕಲಿಸುವ ಲೈಸೆನ್ಸೂ ಅವರಿಗಿತ್ತು. ಕೇಳಿದ ಕೂಡಲೇ ಒಪ್ಪಿದರು. ಷರತ್ತು ಒಂದೇ.

"ಇದು ಖಾಸಗಿ ವಿಮಾನ ಐತ್ರಿ ಅಕ್ಕೋರ. ಇದರಾಗ ಕಲಿಸಿದ್ದಕ್ಕ ನಾ ಏನೂ ತಗೊಳ್ಳೂ ಹಂಗಿಲ್ಲ. ತಗೊಂಡ್ರ ನನ್ನ ಲೈಸೆನ್ಸ್ ಹೋಗತೈತಿ, ನಿಮ್ಮ ಕಲಿಯೂದೂ ಅಲ್ಲಿಗೇ ನಿಲ್ಲತೈತಿ."

ಇದನ್ನು ಕೇಳಿ ಅವ್ವನ ಎದೆ ಧಸಕ್ಕೆಂದಿತು. "ಗುರುಗೋಳಿಗೆ ಏನೂ ಕೊಡದ ಕಲತದ್ದು ಮ್ಯಾಲ ಹೋದಾಗ ಕೈ ಕೊಟ್ರ ಏನ್ ಮಾಡ್ತಿ?" ಎಂದವಳೇ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ತುಂಬಿದ ಡಬ್ಬಿ ಕೈಗಿಟ್ಟಳು.

ಸರ್ ಮುಚ್ಚಳ ತೆಗೆದು, ಕಣ್ಣು ಮುಚ್ಚಿ ವಾಸನೆ ಎಳೆದುಕೊಂಡು, ಮತ್ತೆ ಮುಚ್ಚಿದರು. "ಇದೂ ತಗೊಂಡಂಗ ಆಗತೈತ್ರಿ." ತುಂಬಿದ ಡಬ್ಬಿ ಮನೆಗೆ ಒಯ್ದರೆ ಅವ್ವ ಮರುವಾರ ನನ್ನನ್ನು ಬಿಡುವುದಿಲ್ಲ. ದಾರಿಯ ಬೇವಿನ ಗಿಡದ ಕೆಳಗೆ ಕೂತು ಎಲ್ಲವನ್ನೂ ನಾನೇ ತಿಂದೆ. "ಏನಂದ್ರು?" ಎಂದಳು ಅವ್ವ. "ಅಗದಿ ಚೊಲೋ ಆಗೇತಂತ" ಎಂದೆ. ಅವ್ವನಿಗೆ ಹುರುಪು ಬಂತು. ಮುಂದಿನ ವಾರ ಹೋಳಿಗೆ, ಅದರ ಮುಂದಿನ ವಾರ ಮಾದ್ಲಿ. ಗುರುವಿನ ಪಾಲು ಶಿಷ್ಯೆಯ ಹೊಟ್ಟೆಗೆ.

ಪುಟ್ಟ ವಿಮಾನದಲ್ಲಿ ಕಿಲೋ ಕಿಲೋ ಲೆಕ್ಕ. ಪ್ರತಿ ಸಲ ಹಾರುವ ಮೊದಲು ಸರ್ ನನ್ನನ್ನು ತೂಕದ ಮಷಿನ್ ಮೇಲೆ ನಿಲ್ಲಿಸುತ್ತಿದ್ದರು. "ಅಕ್ಕೋರ, ವಾರದಿಂದ ವಾರಕ್ಕ ಏರಾಕತ್ತೀರಿ. ಇನ್ನೆರಡು ಕಿಲೋ ಆದ್ರ ಇಬ್ರೂ ಕೂಡಿ ಹಾರೂದು ಆಗಂಗಿಲ್ಲ." ನನ್ನ ಮುಖ ಬ್ಯಾಡಗಿ ಮೆಣಸಿನಕಾಯಿ ಆಯಿತು. ಅವ್ವ ಮಾತ್ರ ನನ್ನ ಕುಪ್ಪಸಗಳ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಟ್ಟು, ಡಬ್ಬಿ ತುಂಬುತ್ತಲೇ ಇದ್ದಳು.

ಒಂದು ರವಿವಾರ ಸರ್ ವಿಮಾನ ಹತ್ತಲೇ ಇಲ್ಲ. "ಇವತ್ತ ನೀವೊಬ್ಬರ ಹೋಗಿ ಬರ್ರಿ" ಎಂದರು.

ಅವರ ಭಾರವಿಲ್ಲದ ವಿಮಾನ ಕರುವಿನಂತೆ ಚಂಗನೆ ನೆಗೆಯಿತು. ನನಗೆ ನಗು ಉಕ್ಕಿ ಬಂತು. ಬಾಜೂ ಸೀಟು ಖಾಲಿ, ಕೆಳಗೆ ಮೆಣಸಿನ ಹೊಲ, ಕಡಲೆಕಾಳಿನಷ್ಟಾದ ನನ್ನ ಸ್ಕೂಟಿ. ಒಬ್ಬಳೇ ಹುಚ್ಚಿಯಂತೆ ನಕ್ಕೆ. ಇಳಿಯಬೇಕೆಂಬುದೇ ಮರೆತಿತ್ತು. ರೇಡಿಯೋದಲ್ಲಿ ಸರ್ ದನಿ ಬಂತು: "ಇಳೀರಿ ಅಕ್ಕೋರ, ನನಗ ಹಸಿವಿ ಆಗೇತಿ."

ಇಳಿದಾಗ ಡಬ್ಬಿ ಅವರ ತೊಡೆಯ ಮೇಲಿತ್ತು. "ಇವತ್ತ ನಾ ವಿಮಾನದಾಗ ಕುಂತಿಲ್ಲ, ಕಲಿಸಿಲ್ಲ. ತಿಂದ್ರ ನಡೀತೈತಿ" ಎಂದು ಒಂದು ತುಣುಕೂ ಬಿಡದೆ ತಿಂದರು. ಬೆರಳು ಚೀಪುತ್ತ, "ಎಣ್ಣೆಗಾಯಿಗೆ ಉಪ್ಪು ಒಂದೀಟ ಕಡಿಮಿ ಆಗೇತ್ರಿ" ಎಂದರು.

ಮನೆಯಲ್ಲಿ ಅವ್ವ ಎಂದಿನಂತೆ ಕೇಳಿದಳು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಉಪ್ಪು ಕಡಿಮಿ ಆಗೇತಂತ ಬೇ" ಎಂದೆ.

ಅವ್ವ ಡಬ್ಬಿಯನ್ನು ಎದೆಗೊತ್ತಿಕೊಂಡು ನಕ್ಕಳು. "ಹಂಗಾರ ಇವತ್ತ ಅವರೇ ತಿಂದಾರ."